ಯಾರೋ ಪ್ರೆಸ್ಸಿನವರು

ನಮ್ಮ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವರು ಬೇರೆ, ಅದಕ್ಕಾಗಿ ಜನರಿಂದ ಬೈಸಿಕೊಳ್ಳುವವಳು ಬೇರೆ. ಆ ಎರಡನೆಯವಳು ನಾನು. ಮನೆಯಲ್ಲಿ ಕೂತು ದೂರದ ಆಫೀಸಿನ ಕಂಪ್ಯೂಟರ್ ನಡೆಸಲು ಬೇಕಾದ ಸಾಫ್ಟ್‌ವೇರ್ ನಮ್ಮದು. ಅಲ್ಲಿನ ಪರದೆ ಇಲ್ಲಿ ಕಾಣುತ್ತದೆ, ಇಲ್ಲಿ ಮೌಸ್ ಆಡಿಸಿದರೆ ಅಲ್ಲಿ ಬಾಣ ಓಡುತ್ತದೆ. ಇಂಥವು ಲೋಕದಲ್ಲಿ ಬೇಕಾದಷ್ಟಿವೆ. ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮಿನ ಕಂಪ್ಯೂಟರುಗಳಿಗೆಂದೇ ಮಾಡಿದ್ದು ಅನ್ನುವುದು ನಮ್ಮದರ ಹೆಚ್ಚುಗಾರಿಕೆ, ತಲೆನೋವೂ ಅದೇ. ಒಬ್ಬೊಬ್ಬರ ಲಿನಕ್ಸ್ ಒಂದೊಂದು ಥರ. ಒಬ್ಬರ ಹತ್ತಿರ ಕುಣಿದಾಡಿದ್ದು ಇನ್ನೊಬ್ಬರ ಹತ್ತಿರ ಮಕಾಡೆ ಮಲಗುತ್ತದೆ. ಹಾಗಾಗಿ ಹೊಸದೇನಾದರೂ ಸೇರಿಸಿದಾಗಲೆಲ್ಲ ಹೊರಗಿನ ನಾಲ್ಕಾರು ಜನರ ಕೈಗೆ ಕೊಟ್ಟು, ಅವರು ಒದ್ದಾಡುವುದನ್ನು ರೆಕಾರ್ಡ್ ಮಾಡಿಕೊಂಡು, ಏನು ಎತ್ತ ಅಂತ ವಿಚಾರಿಸಿ ಬರೆಯುವವರಿಗೆ ಮುಟ್ಟಿಸುವುದು ನನ್ನ ಕೆಲಸ.

ಈ ಕೆಲಸಕ್ಕೊಂದು ಕಟ್ಟಳೆ ಇದೆ. ಬಳಸುವವರು ತಲೆಯೊಳಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು. ನಾವು ಮಾತ್ರ ತುಟಿ ಪಿಟಕ್ಕೆನ್ನಬಾರದು. ಅವರು ತಪ್ಪು ಗುಂಡಿ ಒತ್ತಲು ಹೊರಟರೂ ಸುಮ್ಮನಿರಬೇಕು. ಬಾಯಿ ಮುಚ್ಚಿಕೊಂಡಿರುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ, ಸಂಬಳಕ್ಕಾಗಿ ಕಲಿತದ್ದು.

ವಾರವಿಡೀ ಹಿಡಿದಿಟ್ಟ ಬಾಯಿಯನ್ನು ನಾನು ಬಿಡುತ್ತಿದ್ದದ್ದು ಶುಕ್ರವಾರ. ಅವತ್ತು ಊಟವಾದ ಮೇಲೆ ಎಲ್ಲರೂ ಮೀಟಿಂಗ್ ರೂಮಿನಲ್ಲಿ ಸೇರುತ್ತಾರೆ. ಆ ವಾರದ ರೆಕಾರ್ಡಿಂಗುಗಳಿಂದ ಮುಖ್ಯವಾದ ತುಣುಕುಗಳನ್ನು ಆರಿಸಿ ದೊಡ್ಡ ಪರದೆಯ ಮೇಲೆ ನಾನು ತೋರಿಸಬೇಕು. ಬಳಸುವವರ ಕಷ್ಟ ಕಣ್ಣಾರೆ ನೋಡಿದರೆ ಬರೆಯುವವರಿಗೆ ಬುದ್ಧಿ ಬರುತ್ತದೆ ಅಂತ ನಮ್ಮ ತಂಡದ ಮುಖ್ಯಸ್ಥರು, ನಾವು ಕ್ಯಾಪ್ಟನ್ ಅನ್ನುವವರು, ಶುರುಮಾಡಿದ ಪದ್ಧತಿ ಅದು. ಬರಬರುತ್ತಾ ಅದಕ್ಕೆ ಮ್ಯಾಟಿನಿ ಅಂತ ಹೆಸರು ಬಿತ್ತು. ಹಾಗೆ ಬೀಳಲು ಕಾರಣ ನಾನೇ. ತುಣುಕು ತೋರಿಸಿ ಸುಮ್ಮನಾಗದೆ, ಅವರು ಹೇಗೆ ಕಣ್ಣು ಕಿರಿದು ಮಾಡಿದರು, ಹೇಗೆ ಮೌಸನ್ನು ಕುಟ್ಟಿದರು, ಹೇಗೆ ರಾಗ ಎಳೆದರು ಎಂದು ಎದ್ದು ನಿಂತು ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕ್ಯಾಪ್ಟನ್ ತಮ್ಮ ತಾಯಿಯನ್ನೇ ಪರೀಕ್ಷೆಗೆ ಕೂರಿಸಿದ್ದರು. ಅವರ ತುಣುಕು ಬಂದಾಗಲೆಲ್ಲ, "ಇವರು ನಮ್ಮಮ್ಮ! ನಗೋದಾದ್ರೆ ಮರ್ಯಾದೆಯಿಂದ ನಗಿ!" ಅಂತ ಮೊದಲು ತಾವೇ ನಗುತ್ತಿದ್ದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಪಠ್ಯಪುಸ್ತಕ ಅಚ್ಚುಹಾಕುವ ಪ್ರೆಸ್ಸೊಂದರಲ್ಲಿ ನಮ್ಮಕ್ಕ ಪುಟ ಜೋಡಿಸುತ್ತಾಳೆ. ನನಗಿಂತ ತುಂಬಾ ದೊಡ್ಡವಳು. ನಾನು ಮೊದಲ ಸಲ ಕೀಬೋರ್ಡ್ ಮುಟ್ಟಿದ್ದು ಅವಳ ತೊಡೆಯ ಮೇಲೆ ಕೂತು. ಭಾವನಿಗೆ ಬೆನ್ನುಮೂಳೆಯ ಆಪರೇಷನ್ ಆಯಿತು. ಒಬ್ಬರು ಹಿಡಿಯದೆ ಮಗ್ಗುಲು ಬದಲಿಸುವ ಹಾಗಿಲ್ಲ. ಅಕ್ಕ ಮನೆ ಬಿಟ್ಟು ಹೋಗುವಂತಿರಲಿಲ್ಲ. ಪ್ರೆಸ್ಸಿನ ಮಾಲೀಕರು ಕೆಟ್ಟವರೇನಲ್ಲ. ಮನೆಯಿಂದಲೇ ಪ್ರೆಸ್ಸಿನ ಕಂಪ್ಯೂಟರ್ ನಡೆಸುವುದಾದರೆ ಸರಿ, ಬರುವ ಸೋಮವಾರ ಒಂದು ಪುಟ ಮಾಡಿ ತೋರಿಸಿ, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದರು. ಅಕ್ಕ ಬೇರೆ ಕೆಲಸ ಕಲಿತವಳಲ್ಲ, ಬೇರೆ ಕಡೆ ಕೇಳಿದವಳೂ ಅಲ್ಲ. ಆ ಪ್ರೆಸ್ಸಿನ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್.

"ನಂಗೆ ಬಿಡು ಅಕ್ಕ," ಎಂದೆ. "ನಮ್ಮದನ್ನೇ ಹಾಕಿಕೊಡ್ತೀನಿ. ನೀನು ಉಪಯೋಗಿಸ್ತಾ ಏನೇನು ಸರಿಯಿಲ್ಲ ಅಂತ ಹೇಳು. ನಿಂಗೂ ಕೆಲಸ ಆಯ್ತು, ನಂಗೂ ಆಯ್ತು."

ಪ್ರೆಸ್ಸಿನ ಕಡೆಯದನ್ನು ನಾನು ಫೋನಿನಲ್ಲಿ ಹೇಳಿದಂತೆ ಅವಳೇ ಒಂದು ಗಳಿಗೆ ಹೋಗಿ ಹಾಕಿಬಂದಳು. ಮನೆಯ ಕಡೆಯದನ್ನು ನಾನು ಹಾಕಿಕೊಟ್ಟೆ. ಆಫೀಸಿನಲ್ಲಿ ಮಾತ್ರ ಅವಳ ವಿಷಯ ಬಂದಾಗ, "ಪ್ರೆಸ್ಸಿನವರೊಬ್ಬರು ಸಿಕ್ಕಿದಾರೆ" ಎಂದೆ. ನಮ್ಮಕ್ಕ ಅನ್ನಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡೆ ಎಂದರೆ ಅದು ಸುಳ್ಳು. ಅವಳು ಮಾತಾಡುವ ರೀತಿ, ಕಂಪ್ಯೂಟರಿಗೇ ಜೋರು ಮಾಡುವ ಆ ಗಂಟಲು, ಇವೆಲ್ಲ ಆ ರೂಮಿನ ದೊಡ್ಡ ಪರದೆಯ ಮೇಲೆ ಬರುತ್ತವಲ್ಲ ಎಂದು ನನಗೆ ನಾಚಿಕೆಯಾಯಿತು. ನಾಚಿಕೆಗೆಟ್ಟವಳು ನಾನು, ನಾಚಿಕೆಪಟ್ಟದ್ದು ಅವಳಿಗಾಗಿ.

ಮೊದಲ ದಿನ ರೆಕಾರ್ಡಿಂಗಿಗೆಂದು ಕ್ಯಾಮೆರಾ ಹಿಡಿದುಕೊಂಡು ಬೆಳಿಗ್ಗೆಯೇ ಹೋದೆ. ಅಕ್ಕ ಒಗೆದ ಬಟ್ಟೆ ಉಟ್ಟು, ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಅಲ್ಲಿಂದಲೇ ಕ್ಯಾಮೆರಾ ಹಚ್ಚಿದೆ.

"ಎಲ್ಲಿಗೆ ಹೊರಟೆ?" ಎಂದೆ.

"ಪ್ರೆಸ್ಸಿಗೆ."

"ಅಕ್ಕಾ, ಹೋಗೋದು ಕಂಪ್ಯೂಟರಲ್ಲಿ."

"ಆದ್ರೇನು? ಅಲ್ಲಿ ಮಾಲೀಕರು ಇರಲ್ವಾ? ನೈಟೀಲಿ ಹೋಗ್ಲಾ?"

"ಅವರಿಗೆ ನೀನು ಕಾಣಲ್ಲ ಕಣೇ."

"ಅವರಿಗೆ ಕಾಣಲ್ಲ, ಸರಿ. ನಂಗೆ ನಾನು ಕಾಣ್ತೀನಲ್ಲ."

ಭಾವ ಹಾಸಿಗೆಯಿಂದಲೇ ದನಿ ಸೇರಿಸಿದರು. "ನೋಡಮ್ಮ, ನಿಮ್ಮಕ್ಕ ನಿನ್ನೆ ಬರೀ ಅಭ್ಯಾಸಕ್ಕೆ ಅಂತ ನಂಗೆ ಟಾಟಾ ಮಾಡಿ ಆ ರೂಮಿಗೆ ಹೋದ್ಲು. ಸಂಜೆ ಬಂದು ಸುಸ್ತಾಯ್ತು ಅಂತ ಕೂತ್ಲು. ದಾರೀಲಿ ಟ್ರಾಫಿಕ್ ಇತ್ತೇನೋ!"

"ನಿಮಗೆ ಬೆನ್ನು ಆಪರೇಷನ್ ಮಾಡೋ ಬದಲು ಬಾಯಿಗೆ ಮಾಡ್ಬೇಕಿತ್ತು," ಎನ್ನುತ್ತಾ ಅಕ್ಕ ಕುರ್ಚಿ ಎಳೆದುಕೊಂಡಳು. ಆ ಚಿಕ್ಕ ರೂಮಿನಲ್ಲಿ ಒಂದು ಮೇಜು, ಕಿಟಕಿಗೆ ಅಡ್ಡವಾಗಿ ಬಟ್ಟೆ ಒಣಗಿಸುವ ಸ್ಟ್ಯಾಂಡು, ಮೂಲೆಯಲ್ಲಿ ಭಾವನ ಔಷಧಿಯ ಡಬ್ಬ. ನಾನು ಹಿಂದೆ ಸ್ಟೂಲಿನ ಮೇಲೆ ಕೂತು ಕ್ಯಾಮೆರಾ ಅವಳತ್ತ ತಿರುಗಿಸಿದೆ. ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು ಎಂದು ಅವಳಿಗೆ ವಿವರಿಸಿದೆ. ನಮ್ಮಕ್ಕನಿಗೆ ಅದನ್ನು ವಿವರಿಸುವ ಅಗತ್ಯವೇ ಇರಲಿಲ್ಲ.

ಪ್ರೆಸ್ಸಿನ ಕಂಪ್ಯೂಟರಿನ ನಂಬರು ಹಾಕಿದಳು. ಪರದೆ ಕಪ್ಪಾಯಿತು. 'ಅನುಮತಿಗಾಗಿ ಕಾಯಲಾಗುತ್ತಿದೆ' ಎಂದು ಬಂತು. ಈಚಿನ ಲಿನಕ್ಸಿನಲ್ಲಿ ಅದೊಂದು ಗೋಳು. ಯಾರೋ ನಿಮ್ಮ ಪರದೆ ನೋಡಬೇಕಂತೆ, ಬಿಡಬಹುದೇ ಅಂತ ದೂರದ ಕಂಪ್ಯೂಟರಿನಲ್ಲಿ ಒಂದು ಪ್ರಶ್ನೆ ಮೂಡುತ್ತದೆ. ಅಲ್ಲಿ ಕೂತವರು ಹೂಂ ಅಂತ ಗುಂಡಿ ಒತ್ತಬೇಕು. ಅಲ್ಲಿ ಕೂರಬೇಕಾದವಳು ಇಲ್ಲಿ ಕೂತಿದ್ದಳು.

"ಯಾರ ಅನುಮತಿ?" ಎಂದಳು ಅಕ್ಕ. "ಒಳಗೆ ಯಾರಾದ್ರೂ ಇದೀರಾ? ನಾನೇ ಕಣ್ರೀ, ದಿನಾ ಬರೋಳು." ಕಾದಳು. "ಅಲ್ಲಾ, ಬಾಗಿಲು ತೆಗೆಯೋಳು ನಾನು, ಹೊರಗೆ ನಿಂತಿರೋಳೂ ನಾನು. ನಾನಿಲ್ಲಿ ನಿಂತ್ಕೊಂಡ್ರೆ ಒಳಗಡೆಯಿಂದ ಚಿಲಕ ತೆಗೆಯೋರ್ಯಾರಪ್ಪ?" ಮತ್ತೆ ಕಾದಳು. ಆಮೇಲೆ, ನನ್ನ ಕಣ್ಣಾಣೆ, ಬೆರಳಿನ ಗಿಣ್ಣಿನಿಂದ ಮಾನಿಟರ್ ಮೇಲೆ ಟಕ್ ಟಕ್ ಎಂದು ಬಡಿದಳು.

ನಾನು ಸ್ಟೂಲಿನ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಕೊನೆಗೆ ಪ್ರೆಸ್ಸಿಗೆ ಫೋನು ಮಾಡಿ, ಕಸ ಗುಡಿಸುವ ಅಮ್ಮನಿಂದ ಗುಂಡಿ ಒತ್ತಿಸಿ, ಒಳಗೆ ಹೋದಳು. ಹೋದರೆ ಸದ್ದಿಲ್ಲ. ಅವರ ಮಾಲೀಕರು ತಿದ್ದುಪಡಿಗಳನ್ನು ಬರೆದುಕೊಡುವವರಲ್ಲ. ಪಕ್ಕದಲ್ಲಿ ನಿಂತು, ಈ ಸಾಲು ಮೇಲೆ ತಗೊಳ್ಳಿ, ಆ ಚಿತ್ರ ಚಿಕ್ಕದು ಮಾಡಿ ಎಂದು ಬಾಯಲ್ಲೇ ಹೇಳುವವರು. ಅಲ್ಲಿನ ಮೈಕಿನ ಮಾತು ಇಲ್ಲಿಗೆ ಬರದಿದ್ದರೆ ಅಕ್ಕನ ಕೆಲಸ ನಡೆಯುವ ಹಾಗೇ ಇರಲಿಲ್ಲ. ಅವಳು ಅದನ್ನು ನಮ್ಮ ಸಾಫ್ಟ್‌ವೇರಿನ ಅನಿಸಿಕೆಯ ಡಬ್ಬಿಯಲ್ಲಿ ದಿನಾ ಬರೆದು ಕಳಿಸಿದಳು. 'ಇವತ್ತೂ ಸದ್ದು ಬರಲಿಲ್ಲ. ಮಾಲೀಕರು ಬಾಯಿ ಆಡಿಸಿದ್ದು ಕಂಡಿದ್ದರೂ ಆಗುತ್ತಿತ್ತು, ಅದೂ ಇಲ್ಲ.'

ನಮ್ಮಲ್ಲಿ ಸದ್ದಿನ ಭಾಗ ಬರೆಯುವವನನ್ನು ಶಬ್ದಬ್ರಹ್ಮ ಅನ್ನುತ್ತೇವೆ. ಅವನ ಬೆನ್ನು ಬಿಡದೆ ಹತ್ತಿದೆ. "ಪಾಪ, ಪ್ರೆಸ್ಸಿನವರ ಹೊಟ್ಟೆಪಾಡು ಕಣಯ್ಯ, ಮಾಡು," ಎಂದೆ. ಗುರುವಾರ ಸಂಜೆ ಅವನು ಕಣ್ಣು ಕೆಂಪು ಮಾಡಿಕೊಂಡು ಬಂದು, "ಮೈಕಿನ ಮಾತೂ ಆ ಕಡೆಗೆ ಹೋಗತ್ತೆ, ಸ್ಪೀಕರಿನ ಸದ್ದೂ ಹೋಗತ್ತೆ. ನಾಳೆ ನೋಡಿ ಹೇಳಿ. ಹೋಗದಿದ್ರೆ ನನ್ನ ಹೆಸರು ಬದಲಾಯಿಸಿ," ಎಂದ.

ಶುಕ್ರವಾರ ಬೆಳಿಗ್ಗೆ ಆಫೀಸಿನಿಂದ ಅಕ್ಕನಿಗೆ ಫೋನು ಮಾಡಿದೆ. ಪ್ರೆಸ್ಸಿನ ಕಂಪ್ಯೂಟರ್ ಮುಟ್ಟುವ ಮುಂಚೆ ನನ್ನದರ ಮೇಲೆ ನೋಡೋಣ ಅಂತ ನನ್ನ ಲ್ಯಾಪ್‌ಟಾಪಿನ ನಂಬರು ಕೊಟ್ಟೆ. ಅದರಲ್ಲೂ ಲಿನಕ್ಸೇ ಇದ್ದದ್ದು. ಅವಳು ಬಂದಳು, ನಾನೇ ಒಪ್ಪಿಗೆ ಒತ್ತಿದೆ. ಅವಳ ಬಾಣ ನನ್ನ ಪರದೆಯ ಮೇಲೆ ಓಡಾಡಿತು. ಫೋನು ದೂರ ಇಟ್ಟು ಲ್ಯಾಪ್‌ಟಾಪಿಗೆ ಹಲೋ ಹಲೋ ಎಂದು ಕಿರುಚಿದೆ, ಕಂಪ್ಯೂಟರಿನಲ್ಲಿ ಏನೂ ಕೇಳಿಸಲಿಲ್ಲ ಎಂದಳು.

"ಹಾಗೇ ಬಿಟ್ಟಿರು ಅಕ್ಕ," ಎಂದೆ. "ಅವನು ಇನ್ನೊಂಚೂರು ಸರಿಮಾಡ್ತಾನೆ. ನೀನು ಮುಚ್ಚಬೇಡ. ದಿನವಿಡೀ ಸಂಪರ್ಕ ಕಡೀದೆ ಇರತ್ತಾ ಅಂತಾನೂ ನೋಡ್ಬೇಕು. ನಾನು ಹೇಳೋವರೆಗೂ ಮುಚ್ಚಬೇಡ."

"ಆಯ್ತು ಕಣೇ, ಮುಚ್ಚಲ್ಲ," ಎಂದಳು.

ಶಬ್ದಬ್ರಹ್ಮ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದಿ ಹೋದ. ಆಮೇಲೆ ಇನ್ನೊಂದು ಕೆಲಸ, ಅದರ ಮೇಲೊಂದು. ಯಾರೋ ಸಂಪರ್ಕದಲ್ಲಿದ್ದಾರೆ ಎಂದು ತೋರಿಸುವ ಕಿತ್ತಳೆ ಚುಕ್ಕೆಯೊಂದು ಪರದೆಯ ಮೇಲುಗಡೆ ಉರಿಯುತ್ತಿರುತ್ತದೆ. ಇಡೀ ದಿನ ಅದನ್ನು ನೋಡಿ ನೋಡಿ ನನ್ನ ಕಣ್ಣಿಗೆ ಅದು ಕಾಣುವುದೇ ಇಲ್ಲ. ವಿಡಿಯೋ ಹಾಕಿದರಂತೂ ಪರದೆ ತುಂಬಿಕೊಂಡು ಚುಕ್ಕೆಯೇ ಮಾಯ. ನಾನು ಅಕ್ಕನನ್ನು ಮರೆತೇಬಿಟ್ಟೆ. ಅವಳ ಸಂಪರ್ಕ ಉಳಿಯುತ್ತದಾ ನೋಡಬೇಕೆಂದು ಅವಳನ್ನು ಕೂರಿಸಿದವಳೇ ಮರೆತೆ!

ಊಟವಾಯಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಮೀಟಿಂಗ್ ರೂಮಿಗೆ ಹೋಗಿ ದೊಡ್ಡ ಪರದೆಗೆ ಸಿಕ್ಕಿಸಿದೆ. ಎಲ್ಲರೂ ಜಮಾಯಿಸಿದ್ದರು. ಬೇರೆಯವರ ಒಂದೆರಡು ತುಣುಕು ತೋರಿಸಿದೆ, ಸಪ್ಪಗೆ ಹೋಯಿತು. ನನಗೆ ಸಪ್ಪಗೆ ಹೋದರೆ ಸಹಿಸದು. "ಇರಿ ಇರಿ, ಈಗ ಹೀರೋಯಿನ್ ಬರ್ತಾಳೆ," ಎಂದು ಅಕ್ಕನದನ್ನು ಹಾಕಿದೆ.

ತಲೆ ಬಾಚಿಕೊಳ್ಳುವುದರಿಂದಲೇ ಶುರು. ನನ್ನ ಮತ್ತು ಭಾವನ ಮಾತುಗಳನ್ನು ತೆಗೆದಿದ್ದೆ. ನೈಟಿಯ ಮಾತಿಗೇ ರೂಮು ಗೊಳ್ಳೆಂದಿತು. ಒಳಗೆ ಯಾರಾದರೂ ಇದೀರಾ ಎನ್ನುವಾಗ ಒಬ್ಬ ಮೇಜು ಗುದ್ದಿದ. ಮಾನಿಟರ್ ಬಡಿದಾಗ ಕ್ಯಾಪ್ಟನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಷ್ಟಕ್ಕೇ ಬಿಟ್ಟಿದ್ದರೆ ಏನೋ ಒಂದು ಆಗುತ್ತಿತ್ತು. ನಾನು ಎದ್ದೆ. ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡೆ, ಇಲ್ಲದ ಬಾಚಣಿಗೆಯಿಂದ ತಲೆ ಬಾಚಿದೆ, ಗಂಟಲು ದಪ್ಪ ಮಾಡಿ, "ನಾನೇ ಕಣ್ರೀ, ದಿನಾ ಬರೋಳು!" ಎಂದು ರೂಮಿನ ಬಾಗಿಲು ಬಡಿದೆ. ನನ್ನಷ್ಟು ಚೆನ್ನಾಗಿ ಅವಳನ್ನು ಯಾರು ಮಾಡಬಲ್ಲರು? ಅವಳ ಕೈಯಲ್ಲಿ ಬೆಳೆದವಳು ನಾನು. ಒಂದು ಉಸಿರೂ ತಪ್ಪಲಿಲ್ಲ.

"ಎಲ್ಲಿ ಹುಡುಕಿದ್ರೀ ಇವರನ್ನ?" ಎಂದು ಯಾರೋ ಕೇಳಿದರು.

"ಅಯ್ಯೋ, ಇಂಥವರನ್ನ ಹುಡುಕ್ಬೇಕಾ? ತಾವಾಗೇ ಬಂದು ಗಂಟುಬೀಳ್ತಾರೆ," ಎಂದೆ.

ಅಷ್ಟರಲ್ಲಿ ದೊಡ್ಡ ಪರದೆಯ ಮೇಲೆ ಬಾಣ ಅಲುಗಿತು. ನನ್ನ ಕೈ ಲ್ಯಾಪ್‌ಟಾಪಿನ ಮೇಲಿರಲಿಲ್ಲ, ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಣ ಸ್ವಲ್ಪ ದೂರ ಹೋಗಿ ನಿಂತಿತು. ಆಮೇಲೆ ಪರದೆಯ ಮೂಲೆಯಲ್ಲಿ ಹೊಸ ಅನಿಸಿಕೆ ಬಂದಿದೆ ಎಂಬ ಚೌಕ ಮೂಡಿತು. ಒಳಗಿನ ಅಕ್ಷರಗಳು ಕೊನೆಯ ಕುರ್ಚಿಯವರಿಗೂ ಓದಲು ಬರುವಷ್ಟು ದೊಡ್ಡದಾಗಿದ್ದವು.

'ಸದ್ದು ಬಂತು. ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆ. ಬೆಳಿಗ್ಗೆಯಿಂದ ಸಂಪರ್ಕ ಕಡಿದಿಲ್ಲ. ಇನ್ನು ಮುಚ್ಚಬಹುದಾ?'

ಮೊದಲು ಕೂಗಿದವನು ಶಬ್ದಬ್ರಹ್ಮ. "ಬಂತು! ಮೈಕೂ ಬಂತು! ನಾನು ಹೇಳಲಿಲ್ವಾ?" ಎಂದು ಎರಡೂ ಕೈ ಮೇಲೆತ್ತಿದ. ಪಕ್ಕದವನು ಅವನ ಕೈ ಹಿಡಿದು ಕೆಳಗಿಳಿಸಿದ. ಆಗ ಅವನಿಗೂ ತಿಳಿಯಿತು.

"ಇವರು... ಇಷ್ಟೂ ಹೊತ್ತು ಕೇಳ್ತಿದ್ರಾ?" ಎಂದರು ಕ್ಯಾಪ್ಟನ್. ಮುಖ ಬಿಳಿಚಿತ್ತು. "ಯಾರು ಇವರು? ನಿಮಗೆ ಪರಿಚಯಾನಾ?"

ಇಡೀ ರೂಮು ನನ್ನ ಮುಖ ನೋಡುತ್ತಿತ್ತು. ಮೈಕು ಇನ್ನೂ ತೆರೆದೇ ಇತ್ತು, ಅದೂ ನನಗೆ ಗೊತ್ತಿತ್ತು. ನಮ್ಮಕ್ಕ ಎಂದು ಎರಡು ಮಾತು ಅಂದಿದ್ದರೆ ಸಾಕಿತ್ತು. ಅಂದರೆ ಇವರೆಲ್ಲ ನನ್ನನ್ನು ಏನೆಂದುಕೊಳ್ಳುತ್ತಾರೆ, ಸ್ವಂತ ಅಕ್ಕನನ್ನು ಹೀಗೆ ಕುಣಿಸಿದಳೇ ಎನ್ನುವುದಿಲ್ಲವೇ? ನಾಲಿಗೆ ತಾನಾಗಿಯೇ ಹೊರಳಿತು.

"ಇಲ್ಲ ಸರ್," ಎಂದೆ. "ಯಾರೋ ಪ್ರೆಸ್ಸಿನವರು."

"ಮೊದಲು ಉತ್ತರ ಕೊಡಿ. ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿ. ನಾನೂ ಮಾತಾಡ್ತೀನಿ."

"ನಾನೇ ಮಾಡ್ತೀನಿ ಸರ್," ಎಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಎಲ್ಲರ ಕಣ್ಣೂ ದೊಡ್ಡ ಪರದೆಯ ಮೇಲಿತ್ತು. ನಾನು ಒತ್ತಿದ ಒಂದೊಂದು ಅಕ್ಷರವೂ ಅಲ್ಲಿ ಬೀಳುತ್ತಿತ್ತು. ನನ್ನನ್ನು ಎತ್ತಿ ಆಡಿಸಿದ ಅಕ್ಕನಿಗೆ ನಾನು ಬರೆದದ್ದು ಇದು: 'ಮುಚ್ಚಬಹುದು. ತಮ್ಮ ಸಹಕಾರಕ್ಕೆ ಧನ್ಯವಾದಗಳು.'

ಅವಳು ಮುಚ್ಚಿದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ನಾನು ನೆಲವನ್ನೇ ನೋಡುತ್ತಾ ಕೂತಿದ್ದೆ. ಅದು ಬಾಯಿಬಿಡಲಿಲ್ಲ.

ಸಂಜೆ ಆಫೀಸಿನಿಂದ ನೆಟ್ಟಗೆ ಅಕ್ಕನ ಮನೆಗೆ ಹೋದೆ. ಕಾಲಿಗೆ ಬಿದ್ದುಬಿಡುತ್ತೇನೆ, ಏನಾದರೂ ಬೈಯಲಿ, ಹೊಡೆದರೆ ಹೊಡೆಯಲಿ ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಅಕ್ಕ ಬಾಗಿಲು ತೆಗೆದು, "ಬಾ, ಮುಖ ಯಾಕೆ ಹಿಂಗಾಗಿದೆ? ಊಟ ಮಾಡಿದ್ಯಾ?" ಎಂದಳು. ಭಾವನನ್ನು ಮಗ್ಗುಲಿಗೆ ತಿರುಗಿಸುವ ಹೊತ್ತು. ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದೆವು. ಭಾವ ನರಳುತ್ತಲೇ, "ಏನಮ್ಮಾ, ನಿಮ್ಮ ಸದ್ದು ಬಂತಂತಲ್ಲ! ನಿಮ್ಮಕ್ಕ ಹೆಡ್‌ಫೋನ್ ಹಾಕ್ಕೊಂಡು ಒಬ್ಬಳೇ ಕೇಳಿದ್ಲು, ನಂಗೆ ಕೊಡಲಿಲ್ಲ," ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ.

ಅಡುಗೆಮನೆಗೆ ಹೋದಳು, ಹಿಂದೆಯೇ ಹೋದೆ. "ಅಕ್ಕಾ," ಎಂದೆ.

"ಬಿಡೇ," ಎಂದಳು. ತಟ್ಟೆ ತೊಳೆಯುತ್ತಿದ್ದವಳು ತಿರುಗಲಿಲ್ಲ. "ನಕ್ಕರೆ ನಕ್ಕೊಳ್ಳಲಿ. ನೀನು ಬಾಗಿಲು ಬಡಿದಾಗ ನಂಗೂ ನಗು ಬಂತು. ಹಾಗೇ ಮಾಡ್ದೆ ನೋಡು." ಇನ್ನೊಂದು ತಟ್ಟೆ ಎತ್ತಿಕೊಂಡಳು. "ನಾನು ಅಷ್ಟು ಜೋರಾಗಿ ಮಾತಾಡ್ತೀನಾ?"

"ಇಲ್ಲ ಅಕ್ಕ, ನಾನು ಸುಮ್ನೆ ಜಾಸ್ತಿ ಮಾಡಿ..."

"ಅದಲ್ಲ ಕಣೇ ನಂಗೆ ಅರ್ಥವಾಗದೆ ಇದ್ದದ್ದು." ಈಗ ತಿರುಗಿದಳು. ಕೈ ಒದ್ದೆ ಇತ್ತು. "ಟಕ್ ಟಕ್ ಅಂದಮೇಲೆ ನಾನು ನಿನ್ನ ಕರೆದಿದ್ದೆ. ಪುಟ್ಟೀ, ಬಾರೇ ಇಲ್ಲಿ, ನಿಮ್ಮಕ್ಕನ್ನೇ ಒಳಗೆ ಬಿಡ್ತಿಲ್ಲ ಇದು ಅಂತ. ಅದಿರಲಿಲ್ಲ. ಅದನ್ನ ಯಾಕೆ ಕತ್ತರಿಸ್ದೆ?"

ಹೌದು, ಕತ್ತರಿಸಿದ್ದೆ. ಗುರುವಾರ ತುಣುಕು ಸಿದ್ಧಮಾಡುವಾಗ ಮೊದಲು ಕತ್ತರಿಸಿದ್ದೇ ಅದನ್ನು. ಅವಳು ಕ್ಯಾಮೆರಾ ಕಡೆ ತಿರುಗಿ, ಮುಖ ಅರಳಿಸಿ ಪ್ರೀತಿಯಿಂದ ಪುಟ್ಟೀ ಅನ್ನುವುದನ್ನು ನಾಜೂಕಾಗಿ, ಗೊತ್ತೇ ಆಗದ ಹಾಗೆ ತೆಗೆದಿದ್ದೆ. ಅಷ್ಟು ಜನ ನಗುವ ನಡುವೆ ಅವಳು ಅದಕ್ಕಾಗಿ ಕಾದಿದ್ದಳು. ಈಗ ಬರುತ್ತದೆ, ತಂಗಿಯ ಆಫೀಸಿನವರಿಗೆಲ್ಲ ನಾನು ಯಾರೆಂದು ಗೊತ್ತಾಗುತ್ತದೆ ಎಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂತಿದ್ದಳು. ಬಂದದ್ದು ಯಾರೋ ಪ್ರೆಸ್ಸಿನವರು.

ನಾಚಿಕೆಯಾಯಿತು ಕಣೇ ಅಕ್ಕ, ನೀನು ನಮ್ಮಕ್ಕ ಅನ್ನಲು ನಾಚಿಕೆಯಾಯಿತು ಎಂದು ಅವತ್ತು ಹೇಳಬೇಕಿತ್ತು. ಅದನ್ನು ಹೇಳಲೆಂದೇ ಮೆಟ್ಟಿಲು ಹತ್ತಿದ್ದೆ. ಅವಳ ಮುಖ ನೋಡಿ ಆ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಮನೆಯವರ ಕೈಲಿ ಟೆಸ್ಟ್ ಮಾಡಿಸೋ ಹಾಗಿಲ್ಲ ಅಕ್ಕ," ಎಂದೆ. "ಕಂಪನಿ ರೂಲ್ಸು. ನೀನು ನಮ್ಮಕ್ಕ ಅಂತ ಗೊತ್ತಾದ್ರೆ ನನ್ನ ಕೆಲಸಕ್ಕೇ ಸಂಚಕಾರ. ಅದಕ್ಕೇ ಕತ್ತರಿಸ್ದೆ. ಅಲ್ಲೂ ಅದಕ್ಕೇ ಹಾಗಂದೆ."

ಕ್ಯಾಪ್ಟನ್ನರ ತಾಯಿ ಪರದೆಯ ಮೇಲೆ ಬರುವಾಗ ಕೈ ತಟ್ಟುವವರಲ್ಲಿ ನಾನೇ ಮೊದಲಿಗಳು. ಅಂಥ ರೂಲ್ಸು ನಮ್ಮಲ್ಲಿ ಹುಟ್ಟಿಯೇ ಇಲ್ಲ.

ಅಕ್ಕನ ಮುಖ ಹೇಗೆ ತಿಳಿಯಾಯಿತೆಂದರೆ, ಅದನ್ನು ನೋಡಲಾಗದೆ ನಾನು ನಲ್ಲಿಯ ಕಡೆ ನೋಡಿದೆ. "ಅಯ್ಯೋ ದೇವರೇ, ಅಷ್ಟೇನಾ!" ಎಂದಳು. "ಮೊದಲೇ ಬಾಯಿಬಿಟ್ಟು ಹೇಳ್ಬಾರದಾ? ಮಧ್ಯಾಹ್ನದಿಂದ ನಾನು ಏನೇನೋ ಅಂದ್ಕೊಂಡೆ ಕಣೇ. ಕೆಟ್ಟ ಬುದ್ಧಿ ನಂದು. ಕ್ಯಾಮೆರಾ ಮುಂದೆ ಪುಟ್ಟಿ ಪುಟ್ಟಿ ಅಂತ ಕೂಗಿ ನಿನ್ನ ಅನ್ನಕ್ಕೇ ಕಲ್ಲು ಹಾಕ್ತಿದ್ದೆನಲ್ಲ! ತಪ್ಪಾಯ್ತು ಬಿಡು." ಒದ್ದೆ ಕೈಯನ್ನು ಒರೆಸಿಕೊಂಡು ನನ್ನ ಕೆನ್ನೆ ಹಿಡಿದಳು. ಕ್ಷಮೆ ಕೇಳಲು ಹೋದವಳು ನಾನು, ಕೇಳಿದವಳು ಅವಳು. ನಾನು ಅದನ್ನೂ ತೆಗೆದುಕೊಂಡೆ.

ಶನಿವಾರ ಯಾರೂ ಬರಬೇಕಿರಲಿಲ್ಲ. ಆದರೂ ಕ್ಯಾಪ್ಟನ್ ಬಂದು ಕೂತು, ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ದೂರದ ಕಂಪ್ಯೂಟರ್ ಮತ್ತೆ ಕೇಳದ ಹಾಗೆ ಮಾಡಿಸಿದರು. "ಆ ಪ್ರೆಸ್ಸಿನವರಿಗೆ ಇಷ್ಟಾದ್ರೂ ಮಾಡ್ಬೇಕು. ಬೇಜಾರು ಮಾಡ್ಕೊಂಡಿದಾರಾ?" ಎಂದು ಕೇಳಿದರು. ಇಲ್ಲ ಸರ್, ಒಳ್ಳೆಯವರು, ಎಂದೆ. ಮ್ಯಾಟಿನಿ ಇನ್ನು ಮುಂದೆ ಇಲ್ಲ ಎಂದರು. ಅದರಿಂದ ಯಾರಿಗೂ ಬೇಸರವಾಗಲಿಲ್ಲ.

ಸೋಮವಾರ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಏನಾದರೂ ಕೈಕೊಟ್ಟರೆ ಪಕ್ಕದಲ್ಲಿರೋಣ ಎಂದು. ಅವತ್ತೂ ಅವಳು ಒಗೆದ ಬಟ್ಟೆ ಉಟ್ಟಿದ್ದಳು, ತಲೆ ಬಾಚಿದ್ದಳು. ಆದರೆ ನಂಬರು ಹಾಕುವಾಗ ಒಂದು ಮಾತೂ ಆಡಲಿಲ್ಲ. ಅನುಮತಿ ಕೇಳದೆ ಪ್ರೆಸ್ಸಿನ ಪರದೆ ತೆರೆದುಕೊಂಡಿತು, ಆಗಲೂ ಆಡಲಿಲ್ಲ. ಅವಳ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ನನಗೆ ಆ ಮೌನ ತಡೆಯಲಾಗಲಿಲ್ಲ.

"ಮಾತಾಡು ಅಕ್ಕ, ಪರವಾಗಿಲ್ಲ. ಈಗ ಕ್ಯಾಮೆರಾ ಇಲ್ಲ."

"ಶ್, ಮೈಕ್ ಇದೆ," ಎಂದಳು ಪಿಸುದನಿಯಲ್ಲಿ.

ಮಾಲೀಕರ ದನಿ ಗಂಟೆಯ ಹಾಗೆ ಬಂತು. ಚಿತ್ರ ಸ್ವಲ್ಪ ಎಡಕ್ಕೆ, ಆ ಸಾಲು ಮೇಲಕ್ಕೆ, ತಲೆಬರಹ ದಪ್ಪ. ಅಕ್ಕನ ಕೈ ಓಡಿತು, ಅಲ್ಲಿ ಪುಟ ಸರಿಯಾಯಿತು. ಅವಳು "ಆಯ್ತು ಸರ್", "ನೋಡಿ ಸರ್" ಎಂದಷ್ಟೇ ಹೇಳಿದಳು, ಅದೂ ಮೆಲ್ಲಗೆ. "ಸ್ವಲ್ಪ ಜೋರಾಗಿ ಹೇಳಿ, ನಿಮ್ಮ ದನಿ ಎಲ್ಲಿ ಹೋಯ್ತಮ್ಮ ಇವತ್ತು?" ಎಂದು ಮಾಲೀಕರು ಎರಡು ಸಲ ಕೇಳಿದರು. ಪುಟ ಮುಗಿಯಿತು. ಅವರು ಪಕ್ಕದವರಿಗೆ ತೋರಿಸಿ ಮೆಚ್ಚಿಕೊಂಡದ್ದು ನಮಗೂ ಕೇಳಿಸಿತು.

"ಸರಿ ಕಣಮ್ಮ, ಇಲ್ಲಿದ್ದು ಮಾಡಿದ ಹಾಗೇ ಇದೆ," ಎಂದರು. "ನಾಳೆಯಿಂದ ಹೀಗೇ ನಡೀಲಿ. ಯಜಮಾನರು ಹುಷಾರಾಗೋವರೆಗೂ ಇಲ್ಲಿಗೆ ಬರೋ ಯೋಚನೆ ಬಿಡಿ."

ಅಕ್ಕ ಕ್ಷಣ ಕಣ್ಣು ಮುಚ್ಚಿದಳು. ಪಕ್ಕದ ರೂಮಿನಲ್ಲಿ ಭಾವ ಹಾಸಿಗೆಯ ಮೇಲೆ ಮೆಲ್ಲಗೆ ಚಪ್ಪಾಳೆ ತಟ್ಟುವುದು ಕೇಳಿಸಿತು. ನನಗೂ ಕಣ್ಣು ತುಂಬಿತು. ಕೆಲಸ ಉಳಿಯಿತಲ್ಲ, ಅದಾದರೂ ಆಯಿತಲ್ಲ ಎಂದುಕೊಂಡೆ.

"ಅಂದಹಾಗೆ," ಎಂದರು ಮಾಲೀಕರು, "ಇದನ್ನ ಮಾಡಿದೋರು ಯಾರು? ನಮ್ಮ ಬೇರೆಯವರಿಗೂ ಬೇಕಲ್ಲ. ನಿಮ್ಮ ತಂಗಿ ಇಂಥದೇ ಕೆಲಸದಲ್ಲಿದಾಳೆ, ಬಹಳ ಬುದ್ಧಿವಂತೆ ಅಂತ ಯಾವಾಗ್ಲೂ ಹೇಳ್ತಿದ್ರಲ್ಲ, ಅವಳೇನಾ?"

ಅಕ್ಕ ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆಯುವ ಮುಂಚೆ, ಸುಮ್ಮನಿರು, ನಾನು ನೋಡ್ಕೋತೀನಿ ಅನ್ನುವಂತೆ ಕೈ ಮಾಡಿದಳು. ಒಂದು ಸುಳ್ಳು ಹೇಳಬೇಕಾದರೆ ಬೆವರುವವಳು ನಮ್ಮಕ್ಕ. ಅವತ್ತು ತಡವರಿಸಲೂ ಇಲ್ಲ.

"ಅವಳಲ್ಲ ಸರ್," ಎಂದಳು. "ಅವಳದ್ದು ಬೇರೆ ಕಡೆ. ಇದು ಯಾರೋ ಕಂಪನಿಯವರು."

ಮೈಕು ಆರಿಸಿದಳು. ಆರಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಅದೇ ಪಿಸುದನಿಯಲ್ಲಿ ಕೇಳಿದಳು:

"ಹೀಗೇ ಹೇಳ್ಬೇಕಿತ್ತಲ್ವಾ? ನಿಂಗೇನೂ ತೊಂದ್ರೆ ಆಗಲ್ಲ ತಾನೆ?"

ಅವಳ ಮುಖದಲ್ಲಿ ಚುಚ್ಚುವುದೇನೂ ಇರಲಿಲ್ಲ. ಹುಡುಕಿದೆ, ಇರಲಿಲ್ಲ. ನನ್ನನ್ನು ಕಾಪಾಡಿದೆ ಎಂಬ ಸಮಾಧಾನವೊಂದೇ ಇತ್ತು.

"ಹೂಂ ಅಕ್ಕ," ಎಂದೆ. "ಆಗಲ್ಲ."